ಓದುತ್ತಿರುವ ಪುಸ್ತಕವನ್ನೇ ಪೂಜೆಗಿಡಬೇಕು

ವೆಂಕಟಾಚಲ ನನ್ನ ಪಕ್ಕದ ಮನೆಯವರು. ಅದಕ್ಕೂ ಮುಂಚೆ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು. ಟಿನ್ ಫ್ಯಾಕ್ಟರಿಯ ಹಿಂದಿರುವ ಈ ವಿಮಾ ನೌಕರರ ಕಾಲೊನಿಯಲ್ಲಿ ನಮ್ಮಿಬ್ಬರಿಗೂ ಒಂದೇ ಸಲ ಮನೆ ಸಿಕ್ಕಿತು. ಎರಡು ಮನೆಗಳ ವರಾಂಡದ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಅದನ್ನು ಇನ್ನೊಂದಿಷ್ಟು ಎತ್ತರ ಕಟ್ಟಿದ್ದರೆ ನಾನು ಇಷ್ಟು ವರ್ಷ ಬೆಳಗಿನ ಪೇಪರನ್ನು ನೆಮ್ಮದಿಯಾಗಿ ಓದಿಕೊಂಡಿರುತ್ತಿದ್ದೆ. ಯಾಕೆಂದರೆ ಆ ಮನುಷ್ಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು.

ಕಾಫಿ ಮುಗಿಸಿ, ಪಂಚೆಯ ಚುಂಗಿನಿಂದ ಕನ್ನಡಕ ಒರೆಸಿ, ಬೆತ್ತದ ಕುರ್ಚಿಯಲ್ಲಿ ಕೂತು ಶುರು ಮಾಡಿದರೆ ಸ್ನಾನದ ಹೊತ್ತಿನವರೆಗೂ ಓದು. ಶಾಸನ ಸಂಪುಟಗಳು, ವ್ಯಾಕರಣ, ಗುಡಿಗಳ ವಾಸ್ತು, ಜೈನ ಬಸದಿಗಳ ಚರಿತ್ರೆ. ಇಂಥ ಊರನ್ನು ಇಂಥ ಅರಸ ಇಂಥವನಿಗೆ ದತ್ತಿ ಕೊಟ್ಟ, ಇದನ್ನು ಅಳಿದವನು ಹುಳುವಾಗಿ ಹುಟ್ಟುತ್ತಾನೆ. ಇದನ್ನು ಬೆಳಗ್ಗೆ ಬೆಳಗ್ಗೆ ಯಾರು ಕೇಳುತ್ತಾರೆ? ನಾನು ದಾವಣಗೆರೆ ಕಡೆಯವನು, ಕ್ರಿಕೆಟ್ ಸ್ಕೋರು ಮತ್ತು ರಾಜಕೀಯ ಬಿಟ್ಟರೆ ಬೇರೆ ಓದಿದವನಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಬೇಡಿ ಎಂದು ನಾನೇ ಅವರಿಗೆ ಎಷ್ಟೋ ಸಲ ಹೇಳಿದ್ದೇನೆ. ಅವರು ನಕ್ಕು ಮುಂದಿನ ಸಾಲಿಗೆ ಹೋಗುತ್ತಿದ್ದರು. ಪಂಡಿತರೇನೂ ಅಲ್ಲ, ಕ್ಲೇಮ್ ಸೆಕ್ಷನ್ನಿನಲ್ಲಿ ಸತ್ತವರ ಪಾಲಿಸಿ ಇತ್ಯರ್ಥ ಮಾಡುತ್ತಿದ್ದವರು. ಓದುವುದು ಅವರಿಗೆ ಚಟ, ಅಷ್ಟೆ.

ಪುಸ್ತಕಗಳೆಲ್ಲ ಬರುತ್ತಿದ್ದದ್ದು ಶಿವಾಜಿನಗರದಿಂದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಗಯಾಜ್ ಎಂಬಾತನ ಹಳೇ ಪುಸ್ತಕದ ಅಂಗಡಿ ಇದೆ. ಕಂಟೋನ್ಮೆಂಟಿನಲ್ಲಿ ಬಂಗಲೆ ಒಡೆದರೆ, ಯಾರೋ ಪ್ರೊಫೆಸರು ತೀರಿಕೊಂಡರೆ, ಕಾನ್ವೆಂಟಿನವರು ಬೀರು ಖಾಲಿ ಮಾಡಿದರೆ ಎಲ್ಲ ಗಯಾಜ್ ಅಂಗಡಿಗೆ ಬಂದು ಬೀಳುತ್ತದೆ. ಅವನದೊಂದು ಪದ್ಧತಿ. ದಪ್ಪ ಪುಸ್ತಕವನ್ನು ತಕ್ಕಡಿಗೆ ಹಾಕಿ ಮಾರುತ್ತಾನೆ, ಮಕ್ಕಳ ಪುಸ್ತಕವನ್ನು ಒಂದೊಂದಾಗಿ ಬೆಲೆ ಹೇಳಿ ಮಾರುತ್ತಾನೆ. ಪಂಡಿತರ ಪುಸ್ತಕ ಕೇಳುವವರಿಲ್ಲ, ಮಗು ಚಿತ್ರ ನೋಡಿ ಹಟ ಹಿಡಿದರೆ ಅಪ್ಪ ಕೊಡಲೇಬೇಕು ಎಂಬುದು ಅವನ ಲೆಕ್ಕಾಚಾರ. ವೆಂಕಟಾಚಲ ಶನಿವಾರ ಆಫೀಸು ಮುಗಿಸಿ ಹೋಗಿ ತಮಗೆ ತೂಕದ್ದು, ಮಗಳು ಶರ್ವಾಣಿಗೆ ಬಿಡಿಯದು ತರುತ್ತಿದ್ದರು. ಎರಡಕ್ಕೂ ಒಂದೇ ಮರ್ಯಾದೆ. ಖಾಕಿ ಪೇಪರಿನ ಬೈಂಡು ಹಾಕಿ, ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ಒಂದೇ ಬೀರುವಿನಲ್ಲಿ ಜೋಡಿಸುತ್ತಿದ್ದರು. ಬೀರು ತೆಗೆದರೆ ಹೊಯ್ಸಳರ ಇತಿಹಾಸ ಯಾವುದು, ನರಿಯ ಕಥೆ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯಾಕೆ ಪ್ರೇಮಕ್ಕ ಒಮ್ಮೆ ಇಣುಕಿ ನೋಡಿ, ಪೊಲೀಸರ ಪೆರೇಡು ನಿಂತ ಹಾಗಿದೆ ಎಂದಿದ್ದಳು.

ಮೆದು ಮನುಷ್ಯ. ಒಂದೇ ಒಂದು ವಿಷಯದಲ್ಲಿ ಮಾತ್ರ ಕಲ್ಲು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ವಿಜಯದಶಮಿಯವರೆಗೆ ಆ ಮನೆಯಲ್ಲಿ ಯಾರೂ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ಅದು ಎಷ್ಟೋ ಮನೆಗಳಲ್ಲಿ ಇದೆ. ಜನ ಮೂಲೆಯಲ್ಲಿದ್ದ ಹಳೇ ಪುಸ್ತಕ ನಾಲ್ಕು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಇವರದು ಹಾಗಲ್ಲ. ಓದಿ ಮುಗಿದದ್ದನ್ನು ಇಟ್ಟರೆ ಅದೇನು ಪೂಜೆ, ಓದುತ್ತಿರುವ ಪುಸ್ತಕವನ್ನೇ ಇಡಬೇಕು ಎನ್ನುತ್ತಿದ್ದರು. ಬಿಟ್ಟಿರಲಾರದ್ದನ್ನು ಬಿಟ್ಟರೆ ತಾನೆ ದೇವಿಗೆ ಸಲ್ಲುವುದು. ಶರ್ವಾಣಿ ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ದಶಮಿಯ ಮಾರನೆಯ ದಿನವೇ ಗಣಿತದ ಅರ್ಧವಾರ್ಷಿಕ ಪರೀಕ್ಷೆ ಇತ್ತು. ಹುಡುಗಿ ಮಣೆಯ ಮುಂದೆ ಕೂತು ಅತ್ತಳು, ಅದು ನಮ್ಮ ವರಾಂಡಕ್ಕೂ ಕೇಳಿಸಿತು. ಅಪ್ಪ ಪುಸ್ತಕ ಕೊಡಲಿಲ್ಲ. ಬೈಯಲೂ ಇಲ್ಲ. ತಲೆ ಸವರಿ, "ಅವಸರ ಬೇಡಮ್ಮ, ನಾಳೆ ಓದುವೆಯಂತೆ" ಎಂದರು. ಆ ಪರೀಕ್ಷೆ ಹಾಳಾಯಿತು. ಈಗ ಹಲಸೂರಿನಲ್ಲಿ ಟೀಚರಾಗಿರುವ ಶರ್ವಾಣಿ ಅದನ್ನು ಇವತ್ತಿಗೂ ನಗುತ್ತಲೇ ಹೇಳುತ್ತಾಳೆ, ಆದರೆ ಹೇಳದೆ ಬಿಡುವುದಿಲ್ಲ.

ರಿಟೈರಾದ ಕೆಲವು ವರ್ಷಕ್ಕೆ ಅವರ ಓದಿನಲ್ಲಿ ಎಡವಟ್ಟು ಶುರುವಾಯಿತು. ನಾನೇ ಮೊದಲು ಕಂಡುಹಿಡಿದದ್ದು, ಗೋಡೆ ಗಿಡ್ಡವಿದ್ದುದರಿಂದ. ಒಂದೇ ಸಾಲನ್ನು ಮೂರು ಸಲ, ನಾಲ್ಕು ಸಲ ಓದುವರು. ಮೊದಲು, ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಒಂದು ದಿನ ಪುಟ ತಿರುಗಿಸಲು ಮರೆತು ಸುಮ್ಮನೆ ಕೂತಿದ್ದರು. ಡಾಕ್ಟರು ಮರೆವಿನ ಕಾಯಿಲೆ ಎಂದರು, ವಾಸಿಯಾಗುವುದಲ್ಲ ಎಂದೂ ಹೇಳಿದರು. ವೆಂಕಟಾಚಲರ ಹೆಂಡತಿ ಶಾಂತಕುಮಾರಿಗೆ ಒಂದು ಮಾತನ್ನು ಒತ್ತಿ ಹೇಳಿ ಕಳಿಸಿದರು. ದಿನಾ ಏನು ಮಾಡುತ್ತಾರೋ ಅದನ್ನು ನಿಲ್ಲಿಸಲು ಬಿಡಬೇಡಿ, ಇವರಂಥವರಿಗೆ ಒಮ್ಮೆ ರೂಢಿ ತಪ್ಪಿದರೆ ಅದು ಮತ್ತೆ ಕೈಗೆ ಸಿಗುವುದು ಕಷ್ಟ.

ಆ ಹೆಂಗಸು ಅದನ್ನು ವ್ರತದಂತೆ ಹಿಡಿದರು. ಗಂಡನ ಕೈಯಿಂದ ಬೇರೆಲ್ಲ ಜಾರುತ್ತಿತ್ತು. ಹಾಲಿನವನ ಹೆಸರು, ಬಚ್ಚಲಿನ ದಾರಿ, ಒಂದೊಂದು ಸಲ ಮಗಳ ಮುಖ. ಓದು ಮಾತ್ರ ಜಾರಬಾರದು. ಶಾಸನ ತೊಡಕಾದಾಗ ಸಣ್ಣ ಚರಿತ್ರೆ ಕೊಟ್ಟರು, ಅದೂ ಆಗದಿದ್ದಾಗ ಪ್ರವಾಸದ ಪುಸ್ತಕ. ಕೊನೆಗೆ ಒಂದು ಬೆಳಗ್ಗೆ ನನಗೆ ಗೋಡೆಯಾಚೆಯಿಂದ ಕೇಳಿಸಿದ್ದು ಇದು: ಒಂದು ಇಲಿ. ಇಲಿ ಸಂತೆಗೆ ಹೋಯಿತು. ಇಲಿ ಒಂದು ಕೊಡೆ ಕೊಂಡಿತು.

ಶರ್ವಾಣಿಯ ಮೂರನೇ ಕ್ಲಾಸಿನ ಕಾಲದ ಪುಸ್ತಕ. ಖಾಕಿ ಬೈಂಡು ಇದ್ದದ್ದರಿಂದ ಅವರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಹೆಂಡತಿಯ ಮಾನ ಉಳಿಸಿದರೋ, ನಾನರಿಯೆ. ಶಾಸನ ಓದುತ್ತಿದ್ದ ಅದೇ ಗಂಭೀರ ದನಿಯಲ್ಲಿ ಇಲಿಯ ಕಥೆ ಓದಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಕನ್ನಡಕ ಸರಿಸಿ ನನ್ನ ಕಡೆ ತಿರುಗಿ, ನಗಬೇಡಿ ಶಿವರುದ್ರಪ್ಪನವರೇ, ಕೊಡೆ ಎಂದರೆ ಸಾಮಾನ್ಯವಲ್ಲ, ಬೆಳ್ಗೊಡೆ ಹಿಡಿಸಿಕೊಳ್ಳುವ ಅಧಿಕಾರ ಅರಸನಿಗೆ ಮಾತ್ರ ಇತ್ತು, ಈ ಇಲಿ ಯಾವುದೋ ಸೀಮೆಯ ಒಡೆಯನೇ ಇರಬೇಕು ಎಂದು ವಿವರಿಸಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನನಗೆ ಅಳು ಬಂದಿತ್ತು. ಅಂದಿನಿಂದ ಅವರು ದಿನಾ ಅದೇ ಇಲಿಯನ್ನು ಓದಿದರು, ಕೊಡೆ ಬಂದಾಗಲೆಲ್ಲ ಅದೇ ಮಾತು ಹೇಳಿದರು, ನಾನು ಪೇಪರು ಮಡಿಸಿಟ್ಟು ಕೇಳಿದೆ. ವರ್ಷ ಕಳೆಯಿತು. ಅಷ್ಟು ಕಾಲ ಆ ಮನುಷ್ಯನನ್ನು ಮನುಷ್ಯನಾಗಿ ಹಿಡಿದಿಟ್ಟದ್ದು ಆ ಇಲಿಯೇ.

ನವರಾತ್ರಿ ಬಂತು. ಶರ್ವಾಣಿ ಹಲಸೂರಿನಿಂದ ಬಂದು, ಈ ಸಲ ಪೂಜೆಗೆ ಬೇರೆ ಪುಸ್ತಕ ಇಟ್ಟು ಇಲಿಯ ಪುಸ್ತಕವನ್ನು ಹೊರಗೇ ಬಿಡು ಎಂದು ಅಮ್ಮನಿಗೆ ಹೇಳಿದಳು. ನನ್ನನ್ನೂ ಗೋಡೆಯ ಹತ್ತಿರ ಕರೆದು ಅಂಕಲ್, ನೀವಾದರೂ ಹೇಳಿ ಎಂದಳು. ನಾನು ಹೇಳಿದೆ. ಶಾಂತಕುಮಾರಿ ದೊಣ್ಣೆಮೆಣಸಿನಕಾಯಿ ಹೆಚ್ಚುತ್ತ ಕೂತಿದ್ದರು, ಕೈ ನಿಲ್ಲಿಸಲಿಲ್ಲ.

"ನಲವತ್ತು ವರ್ಷ ಅವ್ರು ನಡೆಸ್ಕೊಂಡು ಬಂದಿದ್ದು. ಅವ್ರಿಗೆ ಗೊತ್ತಾಗಲ್ಲ ಅಂತ ನಾನು ಕಳ್ಳತನ ಮಾಡ್ಲಾ? ಆ ತಾಯಿ ಕೊಟ್ಟಿದ್ದನ್ನ ಆ ತಾಯೇ ವಾಪಸ್ ತಗೋತಾ ಇದಾಳೆ. ಇನ್ನು ಉಳ್ದಿರೋದು ಇಷ್ಟೇ ಇಷ್ಟು. ಈ ಸಲ ಪೂಜೆ ತಪ್ಪಿಸಿ, ಅದೂ ಹೋದ್ರೆ?"

ಅವರ ಮನಸ್ಸಿನಲ್ಲಿದ್ದದ್ದು ಭಯ. ಭಯಕ್ಕೆ ಕಿವಿ ಇರುವುದಿಲ್ಲ. ಮೂಲಾ ನಕ್ಷತ್ರದ ದಿನ ಮಣೆ ತೊಳೆದು, ರಂಗೋಲಿ ಬಿಟ್ಟು, ಬೀರುವಿನ ಪುಸ್ತಕಗಳಲ್ಲಿ ಸಾಕಷ್ಟನ್ನು ಪೇರಿಸಿ, ಎಲ್ಲದರ ಮೇಲೆ ಇಲಿಯ ಪುಸ್ತಕವನ್ನು ಇಟ್ಟರು. ಓದುತ್ತಿರುವುದು ಅದೇ ತಾನೆ. ವೆಂಕಟಾಚಲ ಮಡಿಯುಟ್ಟು ಬಂದು ಕೂತರು, ಶ್ಲೋಕವನ್ನು ಒಂದಕ್ಷರ ತಪ್ಪದೆ ಹೇಳಿದರು, ತಾವೇ ಬಿಳಿ ವಸ್ತ್ರ ಹೊದಿಸಿದರು. ಶಾಂತಕುಮಾರಿ ಪ್ರಸಾದ ಕೊಡಲು ಗೋಡೆಯ ಹತ್ತಿರ ಬಂದಾಗ ಮುಖ ಅರಳಿತ್ತು. ನೋಡಿದಿರಾ, ಎಲ್ಲಾ ನೆನಪಿದೆ ಎಂದರು. ನನಗೂ ಒಂದು ಗಳಿಗೆ ಹೌದೆನಿಸಿತು.

ಮಾರನೆಯ ಬೆಳಗ್ಗೆ ಅವರು ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಪುಸ್ತಕ ಹಿಡಿಯುವಂತೆ ಎರಡೂ ಕೈ ಮುಂದೆ ಚಾಚಿದರು. ಕೈಯಲ್ಲಿ ಏನೂ ಇಲ್ಲ. ಪುಸ್ತಕ ಎಲ್ಲಿ ಎಂದು ಕೇಳಿದರು. ಪೂಜೆಗೆ ಇಟ್ಟಿದೆ ಎಂದರು ಹೆಂಡತಿ. ಹೌದಲ್ಲ ಎಂದು ತಲೆಯಾಡಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಅವತ್ತೆಲ್ಲ ಇದೇ ಆಯಿತು. ನಾನು ನನ್ನ ಪೇಪರು ಕೊಡಲು ಹೋದರೆ ಶಾಂತಕುಮಾರಿ ಬೇಡವೆಂದು ಕೈಸನ್ನೆ ಮಾಡಿದರು. ಅದೂ ಅಕ್ಷರವೇ. ಮರುದಿನ ಕೇಳುವುದು ಕಡಿಮೆಯಾಯಿತು. ಮಹಾನವಮಿಯ ಬೆಳಗ್ಗೆ ಅವರು ಕೇಳಲೇ ಇಲ್ಲ. ಕೇಳಲಿಲ್ಲ ಎಂಬುದು ನನಗೆ ಕೇಳಿದ್ದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಅವತ್ತು ಆಯುಧಪೂಜೆ. ಕಾಲೊನಿಯಲ್ಲಿ ಎಲ್ಲರೂ ಕಾರು, ಸ್ಕೂಟರು ತೊಳೆದು ಬಾಳೆಕಂದು ಕಟ್ಟುವ ಗಡಿಬಿಡಿ. ಗೇಟಿನಲ್ಲಿ ಬೂದುಗುಂಬಳ ಒಡೆಯುತ್ತಿದ್ದ ಗದ್ದಲದಲ್ಲಿ ವೆಂಕಟಾಚಲ ಹೊರಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಗೊತ್ತಾದ ಮೇಲೆ ಓಡಿದ ಓಟ ಆ ಶಿವನಿಗೇ ಗೊತ್ತು. ಟಿನ್ ಫ್ಯಾಕ್ಟರಿಯ ಬಸ್ಸುಗಳ ನಡುವೆ, ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ, ತೂಗುಸೇತುವೆಯ ಕೆಳಗೆ ಎಲ್ಲಾ ಹುಡುಕಿದೆವು. ಹಳಿಯ ಮೇಲೂ ಕಣ್ಣು ಹಾಯಿಸಿದೆವು, ಸುಳ್ಳೇಕೆ. ಮಧ್ಯಾಹ್ನ ಮೀರುವ ಹೊತ್ತಿಗೆ ಗಯಾಜ್‌ನಿಂದ ಶರ್ವಾಣಿಗೆ ಫೋನು ಬಂತು. ಸಾಹೇಬರು ನನ್ನ ಅಂಗಡಿಯ ಮುಂದೆ ನಿಂತಿದ್ದಾರೆ ಎಂದ. ಮನೆಯ ಬಚ್ಚಲು ಮರೆತವರ ಕಾಲಿಗೆ ಶಿವಾಜಿನಗರದ ಬಸ್ಸು ನೆನಪಿತ್ತು.

ಕರೆತರಲು ಹೋದದ್ದು ನಾನು. ಗಯಾಜ್ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಟೀ ಕುಡಿಸಿ, ತಾನು ಪಕ್ಕದಲ್ಲೇ ಕಾವಲು ನಿಂತಿದ್ದ. ಸುತ್ತ ಪುಸ್ತಕದ ಗುಡ್ಡೆ, ನಡುವೆ ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದರು.

"ಸಾರ್, ನಾನು ಒಳ್ಳೊಳ್ಳೆ ಪುಸ್ತಕ ತೆಗ್ದು ಕೈಗೆ ಕೊಟ್ಟೆ. ದೊಡ್ಡೋರದ್ದೂ ಕೊಟ್ಟೆ, ಮಕ್ಕಳದ್ದೂ ಕೊಟ್ಟೆ. ಮುಟ್ಟಬಾರ್ದು, ಮುಟ್ಟಬಾರ್ದು ಅಂತಾರೆ" ಎಂದ ಗಯಾಜ್. ಅವನ ಕಣ್ಣು ಕೆಂಪಾಗಿತ್ತು. "ಇವ್ರಿಗೆ ಏನ್ ಮಾಡ್ಬಿಟ್ರಿ ಸಾರ್ ನೀವು?"

ಆಟೋದಲ್ಲಿ ಅವರು ನನ್ನ ತೋಳು ಹಿಡಿದುಕೊಂಡೇ ಬಂದರು. ಹಲಸೂರು ದಾಟುವಾಗ ಅಂಗಡಿ ಬೋರ್ಡುಗಳನ್ನು ತೋರಿಸಿ, ಏನು ಬರೆದಿದೆ ಓದಿ ಎಂದೆ. ಬೋರ್ಡನ್ನು ನೋಡಲಿಲ್ಲ, ನನ್ನ ಬೆರಳನ್ನು ನೋಡಿದರು.

ವಿಜಯದಶಮಿಯ ದಿನ ಶಾಂತಕುಮಾರಿ ಸೂರ್ಯೋದಯಕ್ಕೇ ಪುನಃಪೂಜೆ ಮುಗಿಸಿದರು. ಪುಸ್ತಕ ತೆಗೆದ ಮೇಲೆ ಒಂದು ಪುಟವಾದರೂ ಓದಬೇಕೆಂಬುದು ಶಾಸ್ತ್ರ. ಶರ್ವಾಣಿ ಬಂದಿದ್ದಳು, ನಾನೂ ಪ್ರೇಮಕ್ಕನೂ ಹೋಗಿದ್ದೆವು. ಇಲಿಯ ಪುಸ್ತಕವನ್ನು ಮೊದಲ ಪುಟ ತೆರೆದು ಗಂಡನ ಕೈಗಿತ್ತರು. ಅವರು ಅದನ್ನು ಮುಚ್ಚಿದರು. ಎರಡು ಕಣ್ಣಿಗೂ ಒತ್ತಿಕೊಂಡರು. ಮಣೆಯ ಮೇಲೆ ಇಟ್ಟು, ವಸ್ತ್ರ ಹೊದಿಸಿ, ಕೈ ಮುಗಿದರು. ಮತ್ತೆ ತೆಗೆದುಕೊಟ್ಟರೆ ಮತ್ತೆ ಹಾಗೆಯೇ. ಶರ್ವಾಣಿ ಪಕ್ಕ ಕೂತು, ಒಂದನೇ ಕ್ಲಾಸಿನ ಮಕ್ಕಳಿಗೆ ಮಾಡಿಸುವಂತೆ ಸಾಲಿನ ಮೇಲೆ ಬೆರಳಿಟ್ಟು, ಒಂದು ಇಲಿ ಎಂದಳು. ಅವರು ಆ ಸಾಲನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಪುಸ್ತಕ ಅವರಿಗೆ ಇನ್ನು ದೇವರು ಮಾತ್ರ. ಅದರೊಳಗೆ ಓದುವುದಕ್ಕೆ ಏನೋ ಇದೆ ಎಂಬುದು ಹೊರಟುಹೋಗಿತ್ತು.

ಹೇಗಿದ್ದರೂ ಒಂದಲ್ಲ ಒಂದು ದಿನ ಹೋಗುವಂಥದ್ದೇ, ಪೂಜೆಯಿಂದಲೇ ಹೋಯಿತೆಂದು ಹೇಳಲಾಗದು ಎಂದರು ಡಾಕ್ಟರು. ಕಾಲೊನಿಯವರು ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳಿ ಕಾಫಿ ಕುಡಿದು ಹೋದರು. ನನಗೆ ಮಾತ್ರ ಸಿಟ್ಟು. ಶಾಂತಕುಮಾರಿಯ ಮೇಲಲ್ಲ, ಆಕೆಗೆ ಬೈಯುವವನು ಮನುಷ್ಯನೇ ಅಲ್ಲ. ಆ ವೀಣೆ ಹಿಡಿದವಳ ಮೇಲೆ ಸಿಟ್ಟು. ಇಷ್ಟು ವರ್ಷ ಬಿಟ್ಟಿರಲಾರದ್ದನ್ನು ಬಿಟ್ಟುಕೊಟ್ಟು ಪೂಜಿಸಿದವನ ಹತ್ತಿರ ಒಂದು ಇಲಿಯ ಕಥೆ ಉಳಿದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಈಗ ಅವರ ಮನೆಯಲ್ಲಿ ಆ ಮಣೆ ಎತ್ತಿಲ್ಲ. ಎತ್ತಿದರೆ ಅವರು ಗಾಬರಿಯಾಗುತ್ತಾರೆ. ನಾನು ಬೆಳಗ್ಗೆ ಪೇಪರು ಹಿಡಿದು ಕೂರುತ್ತೇನೆ, ಬೇಕಾದಷ್ಟು ನೆಮ್ಮದಿ ಇದೆ, ಒಂದು ಸುದ್ದಿಯೂ ತಲೆಗೆ ಹತ್ತುವುದಿಲ್ಲ. ಕಾಫಿಯಾದ ಮೇಲೆ ಶಾಂತಕುಮಾರಿ ದಿನಾ ಇಲಿಯ ಪುಸ್ತಕವನ್ನು ವರಾಂಡಕ್ಕೆ ತರುತ್ತಾರೆ. ಪೂಜೆ ತಪ್ಪಿಸಲು ಒಪ್ಪದಿದ್ದ ಹೆಂಗಸು ಈಗ ದಿನಕ್ಕೊಂದು ಸುಳ್ಳು ಹೇಳುತ್ತಾರೆ.

"ಇವತ್ತು ದಶಮಿ ಕಣ್ರೀ. ಪುಸ್ತಕ ತೆಗ್ದಾಯ್ತು. ಓದಿ."

ಅವರು ಪುಸ್ತಕವನ್ನು ಮೆಲ್ಲಗೆ ಹೆಂಡತಿಯ ಕೈಯಿಂದ ಬಿಡಿಸಿಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ, ಹಟ ಮಾಡುವ ಮಗುವನ್ನು ಸಮಾಧಾನಪಡಿಸುವಂತೆ ಆಕೆಯ ನರೆತ ತಲೆಯನ್ನು ಸವರುತ್ತಾರೆ.

"ಅವಸರ ಬೇಡಮ್ಮ" ಎನ್ನುತ್ತಾರೆ. "ನಾಳೆ ಓದುವೆಯಂತೆ."