ಕಾಕಾನ ನಂಬರಿಗೆ ಬಂದ ಕೋಡು

ಹೊಸ ಟ್ಯಾಬ್ಲೆಟ್ಟಿನ ಡಬ್ಬಿ ಬಿಚ್ಚಿದರೆ ಹೊಸ ಚಪ್ಪಲಿಯ ವಾಸನೆ ಬರುತ್ತದೆ, ನೋಡಿದ್ದೀರಾ? ಆ ವಾಸನೆ ಮೂಗಿನಲ್ಲಿರುವಾಗಲೇ ನನಗೆ ಪಿತ್ತ ನೆತ್ತಿಗೇರಿತ್ತು. ಮೂಡಲಗಿಯ ನಮ್ಮ ಸಾಲಿಯಲ್ಲಿ ಮಧ್ಯಾಹ್ನದೊಳಗೆ ಪ್ರಶ್ನೆಪತ್ರಿಕೆ ಒಪ್ಪಿಸಬೇಕು. ಹಳೆಯ ಲ್ಯಾಪ್‌ಟಾಪ್ ನಿನ್ನೆ ಕಣ್ಣು ಮುಚ್ಚಿದೆ. ಟ್ಯಾಬ್ಲೆಟ್ಟಿನಲ್ಲಿ ಪತ್ರಿಕೆ ತೆರೆಯುತ್ತದೆ, ಆದರೆ ಆ್ಯಪು ಒಂದಕ್ಷರ ತಿದ್ದಲು ಬಿಡುವುದಿಲ್ಲ. 'ಚಂದಾ ಇದ್ದರೆ ಲಾಗಿನ್ ಆಗಿ' ಅನ್ನುತ್ತದೆ. ಐತಲ್ಲಪಾ! ವರ್ಷಾ ವರ್ಷಾ ಚಂದಾ ತುಂಬುವವ ನಾನೇ! ನನ್ನ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ 'ಯಾರು ಬೇಕಾಗಿತ್ರಿ?' ಅಂದಂತೆ.

ಪಾಸ್‌ವರ್ಡ್ ಒತ್ತಿದೆ. 'ನಿಮ್ಮ ಮೊಬೈಲಿಗೆ ಕೋಡು ಕಳಿಸಿದ್ದೇವೆ' ಎಂದಿತು. ಕೊನೆಯ ಎರಡು ಅಂಕಿ ನೋಡಿ ಹಲ್ಲು ಕಡಿದೆ. ಕಾಕಾನ ನಂಬರು!

ಕಾಕಾ ಅಂದರೆ ಅಪ್ಪನ ತಮ್ಮ, ಗೋಕಾಕದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವ. ನನಗೆ ಈ ಖಾತೆ ತೆರೆದುಕೊಟ್ಟವನೂ ಅವನೇ. ಅಂದು ನನ್ನ ಮೊಬೈಲ್ ರಿಪೇರಿಗಿತ್ತು. "ಸದ್ಯಕ್ಕ ನ... ನನ್ನ ನಂಬರ್ ಹಾಕ್ಕೋ" ಅಂದಿದ್ದ. ಅವನಿಗೆ ಮೊದಲಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಂಬರು ಬದಲಿಸಲಿಲ್ಲ. ನನ್ನ ಮೈಗಳ್ಳತನಕ್ಕೆ ಬೆಂಕಿ ಹಾಕ!

ಈಗ ಫೋನು ಹೇಗೆ ಹಚ್ಚುವುದು? ಮಾತು ಬಿಟ್ಟು ಎರಡು ವರ್ಷವಾಯಿತು.

ನಾನು ಎಲ್ಲರ ದನಿ ತೆಗೆದು ಅಣಕಿಸುವವ. ಹೆಡ್‌ಮಾಸ್ತರರ ಕೆಮ್ಮಿನಿಂದ ಹಿಡಿದು ಕಂಡಕ್ಟರನ "ಒಳಗ ಸರೀರಿ"ವರೆಗೆ ಯಾರನ್ನೂ ಬಿಟ್ಟವನಲ್ಲ. ಎರಡು ವರ್ಷದ ಹಿಂದೆ ಹುಕ್ಕೇರಿಯಲ್ಲಿ ತಂಗಿಯ ಲಗ್ನವಿತ್ತು. ಬೆಲ್ಲದ ಬಾಗೇವಾಡಿಯ ಬೀಗರು ಪಂಕ್ತಿಯಲ್ಲಿ ಕೂತಿದ್ದರು. ನಮ್ಮ ಕಡೆಯ ಹಿರಿಯನೆಂದು ಕಾಕಾ ಹೋಳಿಗೆಯ ಬುಟ್ಟಿ ಹಿಡಿದು ಒಬ್ಬೊಬ್ಬರಿಗೂ ಉಪಚಾರ ಹೇಳುತ್ತ ಹೊರಟ. ಹಿಂದೆ ತುಪ್ಪದ ಗಿಂಡಿ ಹಿಡಿದ ನಾನು. ಅವನ ಬೆನ್ನಿಗೇ ಶುರುಮಾಡಿದೆ: "ಇ... ಇ... ಇನ್ನೊಂದ ತಗೋರಿ!" ಬೀಗರು ನೆತ್ತಿಗೆ ಹತ್ತುವಂತೆ ನಕ್ಕರು. ಕಾಕಾ ಬುಟ್ಟಿ ಕೆಳಗಿಟ್ಟ, ಚಪ್ಪಲಿ ಮೆಟ್ಟಿದ, ಉಣ್ಣದೆ ನಡೆದ. ಬಸ್‌ಸ್ಟ್ಯಾಂಡಿನವರೆಗೂ ಓಡಿ ಹೋಗಿ ಎರಡು ಮಾತು ಹೇಳಿ ಬಂದೆ. ಕ್ಷಮೆ ಕೇಳಿದ್ದೇನೆ, ಆದರೂ ಎಷ್ಟು ಸೊಕ್ಕು ನೋಡು ಮುದುಕನಿಗೆ, ಅಂತ ಇಂದಿನವರೆಗೂ ಉರಿಯುತ್ತಿದ್ದೆ.

ನನ್ನ ನಂಬರು ಕಂಡರೆ ಎತ್ತಲಿಕ್ಕಿಲ್ಲವೆಂದು ಬಾಜೂಮನೆಯವರ ಮೊಬೈಲಿನಿಂದ ಫೋನು ಹಚ್ಚಿದೆ. ಕಂಪನಿಯವರ ನಯವಾದ ದನಿ ತೆಗೆದೆ: "ನಮಸ್ಕಾರ ಸರ್, ತಮಗೆ ಬಂದಿರುವ ಕೋಡನ್ನು ದಯವಿಟ್ಟು ತಿಳಿಸುವಿರಾ?"

ಆ ಕಡೆಯಿಂದ ಕೀರಲು ದನಿಯೊಂದು ಬಂತು:

"ಏ ಕಾಕಾ, ಸುಮ್ನ ಚಾಷ್ಟಿ ಮಾಡಿದ್ನಿಪಾ! ಅಷ್ಟಕ್ಕ ಉಣ್ಣೂದ ಬಿಟ್ಟ ಹೊಂಟಿ? ಮಂದಿ ಏನಂದಾರು? ಬಾ, ಹೋಳಿಗಿ ಆರಾಕತ್ತಾವು, ಹ್ಹೆ ಹ್ಹೆ ಹ್ಹೆ!"

ನನ್ನ ದನಿ. ಬಸ್‌ಸ್ಟ್ಯಾಂಡಿನಲ್ಲಿ ನಾನಾಡಿದ ಮಾತು, ಕೊನೆಯ ಆಡಿನಂಥ ನಗು ಸಮೇತ. ಒಂದಕ್ಷರವೂ ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಇದನ್ನೇ ನಾನು ಕ್ಷಮೆ ಅಂದುಕೊಂಡಿದ್ದೆನಲ್ಲ, ಥೂ!

"ಹೆಂಗೈತಿ?" ಅಂದ ಕಾಕಾ, ತನ್ನ ದನಿಗೆ ಮರಳಿ. "ಈಗ ನೀ... ನೀ ಮಾತಾಡು. ನಿ... ನಿನ್ನ ದನಿಯೊಳಗ."

ಟ್ಯಾಬ್ಲೆಟ್ಟಿನ ಮೇಲೆ 'ಕೋಡಿನ ಅವಧಿ ಮುಗಿದಿದೆ' ಎಂದು ಬಂತು. ಅದನ್ನು ಮಗುಚಿಟ್ಟೆ.

"ಕಾ... ಕಾಕಾ" ಅಂದೆ.

ಆಣೆ ಮಾಡಿ ಹೇಳುತ್ತೇನೆ, ಈ ಸಲ ಯಾರನ್ನೂ ಅಣಕಿಸಿರಲಿಲ್ಲ. ಆ ಕಡೆ ಫೋನು ಇನ್ನೂ ಕಟ್ಟಾಗಿರಲಿಲ್ಲ.