ನಮ್ಮವರಿಲ್ಲದ ಊರು

ನನ್ನನ್ನು ಡಾಕ್ಟರಿಕೆ ಕಲಿಯಲು ರಶಿಯಾಕ್ಕೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ನಮ್ಮ ಪಡಸಾಲೆಯಲ್ಲಿ ಕೂತಿದ್ದ ಐವರು ಹಿರಿಯರಲ್ಲಿ ಒಬ್ಬರಿಗೂ ರಶಿಯಾ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಒಬ್ಬರು ಅದು ಕಾಶಿಯಿಂದ ಆಚೆಗೆ ಎಂದರು. ಇನ್ನೊಬ್ಬರು, ಗೋವಾದಲ್ಲಿ ಹಡಗು ಹತ್ತಿದರೆ ಸಮೀಪ ಎಂದರು. ಆದರೆ ಅಲ್ಲಿ ಹೆಣ್ಣುಹುಡುಗಿಗೆ ಅಪಾಯ ಎಂಬುದರಲ್ಲಿ ಮಾತ್ರ ಐವರಿಗೂ ಸಂಶಯವಿರಲಿಲ್ಲ. ಇದನ್ನು ಕೊಂಕಿನಿಂದಲೇ ಹೇಳುತ್ತಿದ್ದೇನೆ. ಇಷ್ಟು ವರ್ಷವಾದರೂ ಆ ಕೊಂಕು ನನ್ನಲ್ಲಿ ಕಡಿಮೆಯಾಗಿಲ್ಲ, ಕಡಿಮೆ ಮಾಡಿಕೊಳ್ಳುವ ಮನಸ್ಸೂ ಇಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮದು ಗುಡಗೇರಿ. ಅಪ್ಪ ಹೊಲ ನೋಡಿಕೊಂಡಿದ್ದ. ಅವನ ತಮ್ಮ, ನಮ್ಮ ಕಾಕಾ, ಸ್ಟೇಶನ್ನಿನ ಬಾಜು ಕಾಳುಕಡಿ ಕಮಿಶನ್ನಿಗೆ ಮಾರಿಕೊಡುವ ಅಡತಿ ಅಂಗಡಿ ಇಟ್ಟಿದ್ದ. ಮನೆಗೆ ಹಿರಿಯ ಅಪ್ಪನೇ, ಆದರೆ ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ನಿಮ್ಮ ಕಾಕಾನ್ನ ಕೇಳು." ಚಪ್ಪಲಿ ಹರಿದಿದೆ ಎಂದರೂ ಅದೇ, ಜ್ವರ ಬಂದಿದೆ ಎಂದರೂ ಅದೇ. ನಾನು ಹುಬ್ಬಳ್ಳಿಯಲ್ಲಿ ಓದಿ, ನಾಲ್ಕೇ ಅಂಕಗಳಿಂದ ಇಲ್ಲಿಯ ಮೆಡಿಕಲ್ ಸೀಟು ಕಳೆದುಕೊಂಡು, ಕಾಲೇಜಿನ ಮೇಡಂ ಒಬ್ಬರು ಹಟ ಹಿಡಿದು ತುಂಬಿಸಿದ ಅರ್ಜಿಯಿಂದ ರಶಿಯಾದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದಾಗಲೂ, ಅಪ್ಪ ಆ ಪತ್ರವನ್ನು ಹಿಂದೆ ಮುಂದೆ ಹೊರಳಿಸಿ ನೋಡಿ ಅದನ್ನೇ ಹೇಳಿದ.

ಪತ್ರದ ಜೊತೆ ಒಂದು ಫಾರ್ಮು ಇತ್ತು. ಕೀವ್, ಮಿನ್ಸ್ಕ್, ವೊಲ್ಗೊಗ್ರಾಡ್ ಎಂಬ ಮೂರು ಊರುಗಳ ಮೆಡಿಕಲ್ ಕಾಲೇಜುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದು, ಪಾಲಕರ ಸಹಿ ಹಾಕಿಸಿ, ಮಾರ್ಚಿ ಮುಗಿಯುವುದರೊಳಗೆ ಕಳಿಸಬೇಕಿತ್ತು. ಆಗಷ್ಟೇ ಸಂಕ್ರಾಂತಿ ಮುಗಿದಿತ್ತು. ಫಾರ್ಮು ಹೋಗದಿದ್ದರೆ ನಾನು ಡಾಕ್ಟರಾಗುವುದಿಲ್ಲ. ಬೇಸಿಗೆಯಲ್ಲಿ ಯಾರದೋ ಮನೆಯ ಸೊಸೆಯಾಗುತ್ತೇನೆ. ಇಷ್ಟು ನನಗೆ ಸ್ಪಷ್ಟವಿತ್ತು.

ಅಪಾಯವೆಂದರೆ ಏನೆಂದು ನನಗೆ ಆ ಹಿರಿಯರಿಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ವರ್ಷ ಗುಡಗೇರಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿದವಳು ನಾನು. ಮುಂದಿನ ಸ್ಟೇಶನ್ನಾದ ಸಂಶಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಹತ್ತುತ್ತಿದ್ದ. ಹಣೆ ತುಂಬ ವಿಭೂತಿ, ಕಾಕಾನ ಅಂಗಡಿಯ ಖಾಯಂ ಗಿರಾಕಿ. ಗದ್ದಲದ ನೆವ ಮಾಡಿಕೊಂಡು ಮೈಮೇಲೆ ಬೀಳುತ್ತಿದ್ದ, ಗದ್ದಲವಿಲ್ಲದ ದಿನವೂ ಬೀಳುತ್ತಿದ್ದ. ಅವ್ವನಿಗೆ ಹೇಳಿದೆ. "ಬಾಯಿ ಮುಚ್ಚಬೇ, ಕಾಕಾನ ಕಿವಿಗಿ ಬಿದ್ರ ನಾಳಿಂದ ಕಾಲೇಜ ಬಂದ್," ಎಂದಳು. ಆ ಮನುಷ್ಯನ ರೈಲು ಬಿಡಿಸುವ ಮಾತು ಯಾರ ತಲೆಗೂ ಬರುವಂಥದ್ದಲ್ಲ. ಬಿಡಿಸುವುದಿದ್ದರೆ ನನ್ನ ಕಾಲೇಜು. ಹಾಗಾಗಿ ಬಾಯಿ ಮುಚ್ಚಿಕೊಂಡು ಡಬ್ಬಿಯ ಇನ್ನೊಂದು ತುದಿಗೆ ಹೋಗಿ ನಿಲ್ಲುವುದನ್ನು ಕಲಿತೆ. ಅವನೂ ಆ ದಿನ ನಮ್ಮ ಪಡಸಾಲೆಯ ಕಂಬಳಿಯ ಮೇಲೆ ಕೂತಿದ್ದ. ಐವರಲ್ಲಿ ನನ್ನ ಮಾನದ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ತೋರಿಸಿದವನೇ ಅವನು.

ನಾನೂ ಅವ್ವನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು. ಅಲ್ಲಿ ಚಳಿಗೆ ಕಿವಿ ಉದುರಿ ಬೀಳುತ್ತವೆ ಎಂದು ಪಿಂಚಣಿಯ ಮಾಸ್ತರರು ಹೇಳಿದರು. ಮಂದಿ ನೀರಿನ ಬದಲು ಸೆರೆ ಕುಡಿಯುತ್ತಾರೆ ಎಂದರು ಇನ್ನೊಬ್ಬರು. ಆಮೇಲೆ ಒಬ್ಬ ಮುದುಕರು, "ಹುಡುಗಿ ಅಲ್ಲೇ ಸತ್ತಳಂದ್ರ? ಹುಗೀತಾರೋ, ಸುಡ್ತಾರೋ?" ಎಂದು ಕೇಳಿದರು. ಪಡಸಾಲೆ ಗಂಭೀರವಾಯಿತು. ನಾವು ಲಿಂಗ ಕಟ್ಟಿದ ಮಂದಿ. ಸತ್ತವರನ್ನು ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿ ಹುಗಿಯುತ್ತೇವೆ. ನಾನು ಅಲ್ಲಿ ಸಾಯದ ಹಾಗೆ ಏನು ಮಾಡಬೇಕು ಎಂಬುದಕ್ಕೆ ಒಂದು ನಿಮಿಷವೂ ಖರ್ಚಾಗಲಿಲ್ಲ. ಸತ್ತಮೇಲೆ ಕೂಡಿಸುತ್ತಾರೋ ಸುಡುತ್ತಾರೋ ಎಂಬುದಕ್ಕೆ ಮಾತ್ರ ಎರಡು ಸಲ ಚಹಾ ಹೋಯಿತು.

ಕೊನೆಗೆ ಕಾಕಾ ಕೈ ಎತ್ತಿದ. "ಊರು ಹೆಂಗರ ಇರ್ಲಿ. ಅಲ್ಲಿ ನಮ್ಮವರು ಯಾರ ಅದಾರ? ಅದನ್ನ ಹೇಳ್ರಿ ಮೊದಲ."

ಎಲ್ಲರೂ ತಲೆದೂಗಿದರು. ಕಾಕಾನ ವ್ಯಾಪಾರವೂ ಹೀಗೆಯೇ ನಡೆಯುತ್ತಿತ್ತು. ದಾವಣಗೆರೆಗೆ ಕಾಳು ಕಳಿಸುವಾಗ, ಕೊಳ್ಳುವವನು ಎಂಥವನು ಎಂದು ವಿಚಾರಿಸುತ್ತಿರಲಿಲ್ಲ; ಆ ಪೇಟೆಯಲ್ಲಿ ನಮ್ಮವರು ಯಾರು ಎಂದು ವಿಚಾರಿಸುತ್ತಿದ್ದ. ಅವನಿಗೆ ಎರಡು ಸಲ ಟೋಪಿ ಹಾಕಿದವರೂ ನಮ್ಮವರೇ. ಅದು ಮಾತ್ರ ಅವನ ತಲೆಗೆ ಹೋಗಿರಲಿಲ್ಲ.

ಹದಿನೈದು ದಿನ ಸಂತೆಯಲ್ಲಿ, ಮಠದಲ್ಲಿ, ರೈಲಿನಲ್ಲಿ ವಿಚಾರಣೆ ನಡೆಯಿತು. ಕುಂದಗೋಳದ ಒಬ್ಬ ಹುಡುಗ, ನಮ್ಮ ಪೈಕಿಯವನೇ, ಕೀವ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ ಎಂದು ಪತ್ತೆಯಾಯಿತು. ಅಲ್ಲಿಗೆ ಕೀವ್ ಸುರಕ್ಷಿತವಾಯಿತು. ಲಕ್ಷಗಟ್ಟಲೆ ಜನ ಹುಟ್ಟಿ ಬೆಳೆದು ಬಾಳಿ ಬದುಕುತ್ತಿರುವ ಉಳಿದೆರಡು ಊರುಗಳು ಹೆಣ್ಣುಮಕ್ಕಳು ಕಾಲಿಡಬಾರದ ಅಡವಿಗಳಾದವು.

ಒಂದು ಸೋಮವಾರ ಕಾಕಾ ಇಬ್ಬರು ಹಿರಿಯರನ್ನು ಕರೆದುಕೊಂಡು, ಉತ್ತತ್ತಿ ಬಾಳೆಹಣ್ಣು ಕಟ್ಟಿಸಿಕೊಂಡು ಕುಂದಗೋಳಕ್ಕೆ ಹೋದ. ಹುಡುಗನ ಮನೆಯವರಿಗೆ ಹೇಳಿ, ಅವನು ನನ್ನ ಮೇಲೆ ಒಂದು ಕಣ್ಣಿಡುವಂತೆ ಮಾಡುವುದಷ್ಟೇ ಉದ್ದೇಶ. ಆದರೆ ನಮ್ಮಲ್ಲಿ ಮೂವರು ಹಿರಿಯರು ಹಣ್ಣು ಹಿಡಿದುಕೊಂಡು, ಮನೆಯಲ್ಲಿ ಹುಡುಗಿ ಇಟ್ಟುಕೊಂಡು, ಮದುವೆಯಾಗದ ಗಂಡು ಇರುವ ಮನೆಯ ಹೊಸ್ತಿಲು ದಾಟಿದರೆ ಅದಕ್ಕೆ ಎರಡನೆಯ ಅರ್ಥ ಇರುವುದಿಲ್ಲ. ಆ ಮನೆಯವರು ಹಬ್ಬದ ಸಿಹಿಯೆಂದು ಗೋಧಿ ಹುಗ್ಗಿಯನ್ನೇ ಒಲೆಗೆ ಏರಿಸಿದ್ದರು. ಊಟದ ನಡುವೆ ಕಾಕಾ ವಿಷಯ ತೆಗೆದಾಗ ಹುಡುಗನ ತಾಯಿ ಕೇಳಿದಳಂತೆ: "ನೋಡಕೋತಾನ್ರಿ, ಯಾಕ ನೋಡಕೊಳ್ಳಂಗಿಲ್ಲ? ಆದ್ರ ಯಾವ ಸಂಬಂಧದ ಮ್ಯಾಲೆ ನೋಡಕೋಬೇಕ್ರಿ? ಬೆಳದ ಹುಡುಗ, ಬೆಳದ ಹುಡುಗಿ. ನಾಳೆ ಮಂದಿ ಏನಂದಾರು?"

ಕಾಕಾನಿಗೆ ಇದಕ್ಕೆ ಉತ್ತರ ಹೊಳೆಯಲು ಹುಗ್ಗಿಯ ಎರಡನೆಯ ಬಡಿಸಿಕೆಯವರೆಗೆ ಕಾಯಬೇಕಾಗಲಿಲ್ಲ. ಸಂಜೆ ಗಾಡಿಗೆ ಇಳಿದವನು ಮನೆಗೆ ಬಂದು, "ಕೈ ಮುಂದ ಮಾಡಬೇ," ಎಂದು ನನ್ನ ಬೊಗಸೆಗೆ ಸಕ್ಕರೆ ಸುರಿದ. ಸಕ್ಕರೆ ಹಂಚಿದರೆಂದರೆ ಮದುವೆ ಗೊತ್ತಾಯಿತೆಂದು. "ಇನ್ನ ಅಂಜಿಕಿ ಅನ್ನೋದ ಇಲ್ಲ. ಗಂಡನ ಊರಾಗ ಇದ್ದಂಗ ಆತು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡ. ನನಗೆ ನಗು ಬಂತು. ಊರು ಹೇಗಿದೆ ಎಂದು ಕೇಳಿಕೊಂಡು ಬರಲು ಹೋದವರು ಗಂಡನ್ನು ಗೊತ್ತುಮಾಡಿಕೊಂಡು ಬಂದಿದ್ದರು. ಊರು ಹೇಗಿದೆ ಎಂದು ಕೇಳುವುದನ್ನು ಮರೆತೇಬಿಟ್ಟಿದ್ದರು. ಆ ಬೊಗಸೆಯನ್ನು ಹಿತ್ತಲಿನ ಇರುವೆಗಳಿಗೆ ಸುರಿದು ಬಂದೆ.

ಮರುದಿನ ಕಾಕಾ ಹುಡುಗನಿಗೆ ಒಂದು ಕಾಗದ ಬರೆಸಿದ. ಅವನು ಹೇಳಿದ, ನಾನು ಬರೆದೆ: ದೊಡ್ಡವರ ಆಶೀರ್ವಾದ, ಮನೆತನದ ಮಾತು, ನಮ್ಮ ಹುಡುಗಿ ನಿನ್ನ ಸುಪರ್ದಿಗೆ ಇತ್ಯಾದಿ. ಕೆಳಗೆ ಉಳಿದ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಸೇರಿಸಿದೆ. ಕತ್ತಲಾದ ಮೇಲೆ ಆಸ್ಪತ್ರೆಯಿಂದ ಹಾಸ್ಟೆಲಿಗೆ ಹುಡುಗಿಯರು ಒಬ್ಬರೇ ನಡೆದು ಹೋಗಬಹುದೇ? ಕೋಣೆಗೆ ಒಳಗಿನಿಂದ ಚಿಲಕ ಇದೆಯೇ? ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ? ಯಾವನಾದರೂ ಕಾಡಿದರೆ ಯಾರಿಗೆ ಹೇಳಬೇಕು, ಹೇಳಿದರೆ ಅವರು ಕೇಳುತ್ತಾರೆಯೇ? ಇದೇನೆಂದು ಕಾಕಾ ಕೇಳಿದ. "ಪುಸ್ತಕದ ಹೆಸರು ಕೇಳೀನ್ರಿ ಕಾಕಾ," ಎಂದೆ.

ಉತ್ತರ ಬರಲು ತಿಂಗಳ ಮೇಲಾಯಿತು. ಅದನ್ನು ಓದಲು ಮತ್ತೆ ಅದೇ ಕಂಬಳಿ, ಅದೇ ಐವರು. ಮೇಲಿನ ಅರ್ಧ ಕನ್ನಡದಲ್ಲಿತ್ತು. ಕಾಕಾ ಗಟ್ಟಿಯಾಗಿ ಓದಿದ: ಪೂಜ್ಯರಿಗೆ ಸಾಷ್ಟಾಂಗ, ಹಿರಿಯರ ಅಪ್ಪಣೆ ಶಿರಸಾವಹಿಸಿ, ಚಿಂತೆ ಬೇಡ. ಕೆಳಗಿನ ಅರ್ಧ ಇಂಗ್ಲಿಷ್, ಕನ್ನಡ ಶಾಲೆಯ ಮಾಸ್ತರರಿಗೂ ಅದು ಬಾರದು. "ಇದನ್ನ ನೀ ಓದಬೇ, ಓದಿ ಕನ್ನಡದಾಗ ಹೇಳು," ಎಂದು ಕಾಗದ ನನ್ನ ಕೈಗೆ ಕೊಟ್ಟ. ಹಿರಿಯರೆದುರು ಮೊದಲ ಸಲ ಪಡಸಾಲೆಯ ನಡುವೆ ನಿಂತೆ.

ಅವನು ಬರೆದದ್ದು ಇದು. ಇಲ್ಲಿ ಹುಡುಗಿಯರು ಒಬ್ಬರೇ ನಡೆದು ಹೋಗುತ್ತಾರೆ. ಚಿಲಕ ಇದೆ. ಕಾಯಿಲೆಗೆ ಕಾಲೇಜಿನವರೇ ಡಾಕ್ಟರರನ್ನು ಕೊಡುತ್ತಾರೆ. ದೂರು ಕೊಟ್ಟರೆ ಹಾಸ್ಟೆಲು ನೋಡಿಕೊಳ್ಳುವ ಹೆಂಗಸು ಕೇಳುತ್ತಾಳೆ, ನಾನು ಕಂಡಿದ್ದೇನೆ. ಆದರೆ ನೀವು ಈ ಊರಿಗೆ ಬರಬೇಡಿ. ಇಲ್ಲಿ ನಮ್ಮ ಕಡೆಯವರು ಆರು ಜನ ಇದ್ದೇವೆ. ಯಾರು ಯಾರ ಜೊತೆ ಮಾತಾಡಿದರು ಎಂಬುದು ತಿಂಗಳೊಳಗೆ ಹುಬ್ಬಳ್ಳಿ, ಕುಂದಗೋಳ ಮುಟ್ಟುತ್ತದೆ. ನಿಮ್ಮ ಬಗ್ಗೆ ಪ್ರತಿ ತಿಂಗಳು ಬರೆಯಬೇಕೆಂದು ನಮ್ಮ ತಾಯಿ ನನಗೆ ಈಗಾಗಲೇ ಹೇಳಿದ್ದಾಳೆ. ಬರೆಯುವುದಿಲ್ಲ ಎನ್ನುವ ಧೈರ್ಯ ನನಗಿಲ್ಲ. ಸಕ್ಕರೆಯ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ, ನಿಮ್ಮನ್ನೂ ಕೇಳಿರಲಿಕ್ಕಿಲ್ಲ. ವೊಲ್ಗೊಗ್ರಾಡ್‌ನಲ್ಲಿ ನಮ್ಮವರು ಯಾರೂ ಇಲ್ಲವೆಂದು ಕೇಳಿದ್ದೇನೆ.

ಕಾಗದದಿಂದ ಕಣ್ಣೆತ್ತದೆ, ಒಂದೊಂದೇ ಸಾಲು ತಿಳಿದು ಹೇಳುವವಳಂತೆ ಹೇಳಿದೆ: "ಕೀವ್ ಅಗದಿ ಛಲೋ ಊರು ಅಂತ್ರಿ. ನಮ್ಮ ಕಡಿ ಆರು ಮಂದಿ ಅದೀವಿ, ಎಲ್ಲಾರೂ ಒಬ್ಬರನ್ನೊಬ್ಬರು ನೋಡಕೋತೀವಿ ಅಂತ್ರಿ. ಪುಸ್ತಕ ಅಲ್ಲೇ ಸಿಗ್ತಾವಂತ್ರಿ."

"ನೋಡ್ರಿ, ಎಂಥಾ ಹುಡುಗ!" ಎಂದು ಕಾಕಾ ತೊಡೆ ತಟ್ಟಿಕೊಂಡ. ಸಂಶಿಯ ದೊಡ್ಡ ಮನುಷ್ಯ, "ಸಂಸ್ಕಾರ ಅಂದ್ರ ಇದ ನೋಡ್ರಿ," ಎಂದ.

ಆ ಹುಡುಗನ ಮೇಲೂ ನನಗೆ ಗೌರವ ಹುಟ್ಟಲಿಲ್ಲ. ಒಂದೇ ಹಾಳೆಯಲ್ಲಿ ಮೇಲೆ ಕನ್ನಡದಲ್ಲಿ ಸಾಷ್ಟಾಂಗ, ಕೆಳಗೆ ಇಂಗ್ಲಿಷಿನಲ್ಲಿ ಸತ್ಯ. ತಾಯಿಗೆ ತಿಳಿಯುವ ಭಾಷೆಯಲ್ಲಿ ಒಂದು ನಿಜ ಬರೆಯಲಾರದವನು ಅಷ್ಟು ದೂರ ಹೋಗಿ ಸೇತುವೆ ಕಟ್ಟಲು ಕಲಿಯುತ್ತಿದ್ದ. ಆದರೆ ನನ್ನ ನಾಲ್ಕು ಪ್ರಶ್ನೆಗಳಿಗೂ ಉತ್ತರ ಕೊಟ್ಟವನು ಅವನೊಬ್ಬನೇ. ಅಷ್ಟರ ಮಟ್ಟಿಗೆ ಅವನ ಋಣ ಒಪ್ಪುತ್ತೇನೆ.

ಮಧ್ಯಾಹ್ನವೇ ಇಂಗ್ಲಿಷಿನಲ್ಲೇ ಫಾರ್ಮು ತುಂಬಿದೆ. ಮೊದಲನೆಯದು ವೊಲ್ಗೊಗ್ರಾಡ್, ಎರಡನೆಯದು ಮಿನ್ಸ್ಕ್, ಕಟ್ಟಕಡೆಗೆ ಕೀವ್. ಕಾಕಾ ನಾನು ಬೆರಳಿಟ್ಟ ಜಾಗದಲ್ಲಿ ಅಪ್ಪನ ಕಡೆಯಿಂದ ಕನ್ನಡದಲ್ಲಿ ಸಹಿ ಹಾಕಿಸಿದ. ತಾನೇ ಸ್ಟಾಂಪಿಗೆ ನಾಲಿಗೆ ತಾಗಿಸಿ ಅಂಟಿಸಿದ, ತಾನೇ ಪೋಸ್ಟ್ ಆಫೀಸಿಗೆ ಒಯ್ದು ಡಬ್ಬಿಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಕೈ ಒಳಗೆ ಹಾಕಿ ನೋಡಿ ಬಂದ.

ಮಳೆಗಾಲದ ಆರಂಭಕ್ಕೆ ವೊಲ್ಗೊಗ್ರಾಡ್‌ನ ಸೀಟು ಬಂತು. ಅದು ಸರ್ಕಾರದ ಹುಕುಂ, ಬದಲಾಗುವುದಿಲ್ಲ ಎಂದೆ. ಸರ್ಕಾರ ಎಂದ ಕೂಡಲೇ ಕಾಕಾ ಸಣ್ಣವನಾಗುತ್ತಿದ್ದ. "ಕೀವ್‌ಗೆ ಎಷ್ಟು ದೂರ ಅದು?" ಎಂದು ಮಾತ್ರ ಕೇಳಿದ.

"ಗುಡಗೇರಿಯಿಂದ ಸಂಶಿ ಇದ್ದಷ್ಟ್ರಿ."

"ಹಂಗಾದ್ರ ದಿನಾ ಬಂದು ಹೋಗ್ತಾನ ಬಿಡು."

ನಡುವೆ ಒಂದು ದಿನದ ರೈಲು ಪ್ರಯಾಣವಿದೆ ಎಂದು ನಾನು ಹೇಳಲಿಲ್ಲ, ಯಾರೂ ವಿಚಾರಿಸಲೂ ಇಲ್ಲ. ಮಾಸ್ತರರ ಮನೆಯಲ್ಲಿ ಒಂದು ಭೂಪಟ ಗೋಡೆಗೇ ನೇತಾಡುತ್ತಿತ್ತು. ಎದ್ದು ನೋಡಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಎದ್ದು ನೋಡುವ ಮಂದಿಯಲ್ಲ ಅವರು. ಕುಂದಗೋಳದ ಹುಡುಗ ಮರುವರ್ಷ ಕೀವ್‌ನ ಹುಡುಗಿಯೊಬ್ಬಳನ್ನೇ ಮದುವೆಯಾದ. ನಮ್ಮವರು ಉಳಿದ ಐದು ಮಂದಿ ಅವನನ್ನು ಕಣ್ಣಿಟ್ಟು ಕಾಯುತ್ತಲೇ ಇದ್ದರು.

ನಾನು ವೊಲ್ಗೊಗ್ರಾಡ್ ಸ್ಟೇಶನ್ನಿನಲ್ಲಿ ಇಳಿದದ್ದು ಸೆಪ್ಟೆಂಬರಿನ ಒಂದು ಬೆಳಿಗ್ಗೆ. ದಿಲ್ಲಿಯಿಂದ ಜೊತೆಗೆ ಬಂದವರು ಮಾಸ್ಕೋದಲ್ಲೇ ಬೇರೆ ಬೇರೆ ಊರುಗಳಿಗೆ ಹೋಗಿದ್ದರು. ಕರೆದುಕೊಂಡು ಹೋಗಲು ಕಾಲೇಜಿನವರು ಬರಬೇಕಿತ್ತು, ತಡವಾಯಿತು. ಟ್ರಂಕಿನ ಮೇಲೆ ಕೂತೆ. ಸುತ್ತ ಯಾರೂ ನನ್ನತ್ತ ನೋಡುತ್ತಿರಲಿಲ್ಲ. ಬೆಳ್ಳಗಿನ ಮಂದಿ ತಮ್ಮ ತಮ್ಮ ಚೀಲ ಹಿಡಿದು ನಡೆಯುತ್ತಿದ್ದರು. ನಾನು ಬಯಸಿದ್ದು ಇದನ್ನೇ, ಇದಕ್ಕಾಗಿ ಹಿರಿಯರ ಮುಖ ನೋಡಿ ಸುಳ್ಳು ಓದಿದ್ದೆ. ಆದರೆ ನನಗೆ ಅಂಜಿಕೆಯಾಗಿತ್ತು. ಬಾಗಿಲಿನಿಂದ ಒಳಗೆ ಬಂದ ಒಂದೊಂದು ಮುಖವನ್ನೂ ನೋಡುತ್ತಿದ್ದೆ, ಕರ್ರಗಿನದೊಂದು, ಹಣೆಯಲ್ಲಿ ವಿಭೂತಿಯ ಗುರುತಿರುವುದೊಂದು ಕಾಣುತ್ತದೆಯೇ ಎಂದು. ಎರಡು ತಾಸು ಹಾಗೆಯೇ ಕೂತಿದ್ದೆ. ಕಾಕಾನ ಮೇಲೆ ಎಂದೂ ಬರದಷ್ಟು ಹೇಸಿಗೆ ಆಗ ನನಗೆ ನನ್ನ ಮೇಲೆಯೇ ಬಂತು. ಏಕೆಂದರೆ ಆ ಎರಡು ತಾಸಿನಲ್ಲಿ ಕುಂದಗೋಳದ ಹುಡುಗ ಬಂದು ಟ್ರಂಕಿಗೆ ಕೈ ಹಾಕಿದ್ದರೆ, ಎಲ್ಲಿಗೆ ಎಂದು ಕೂಡ ಕೇಳದೆ ಅವನ ಹಿಂದೆ ಹೋಗಿಬಿಡುತ್ತಿದ್ದೆ.