ರಬ್ಬರಿನ ಕೆಳಗಿನ ಗುರುತು

ಗಾಡಿ ರಿಪೇರಿಯ ದಾವಲಸಾಬ ಮಿಸ್ತ್ರಿಯವರ ಅಂಗಿಯ ಜೇಬಿನಲ್ಲಿ ಸದಾ ಒಂದು ಆಯಸ್ಕಾಂತ ಇರುತ್ತಿತ್ತು. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ, ಬಳೆಯಷ್ಟು ದುಂಡನೆಯ ಕರಿ ತುಂಡು. ಅದರ ಭಾರಕ್ಕೆ ಜೇಬು ಜೋತುಬಿದ್ದು ಅಂಗಿಯೇ ಎಡಕ್ಕೆ ವಾಲಿಕೊಂಡಿರುತ್ತಿತ್ತು. ಲೋಹದ್ದು ಏನು ಕಂಡರೂ ಅದನ್ನು ಹಚ್ಚಿ ನೋಡುವುದು ಅವರ ಚಟ. ಗಜೇಂದ್ರಗಡದ ಸಂತೆಯಲ್ಲಿ ಪಾತ್ರೆ ಮಾರುವವರು ಅವರನ್ನು ದೂರದಿಂದ ಕಂಡರೇ ಗೊಣಗುತ್ತಿದ್ದರು. ಡಬ್ಬಿ ಚೌಕಾಸಿ ಮಾಡುತ್ತ ನಿಂತ ಹೆಂಗಸರ ಪಕ್ಕಕ್ಕೆ, ಯಾರೂ ಕರೆಯದಿದ್ದರೂ, ಇವರು ಹೋಗಿ ಆಯಸ್ಕಾಂತ ಹಚ್ಚುತ್ತಿದ್ದರು. "ಹಿಡೀತು ನೋಡ್ರಿ ಯವ್ವಾ. ಸ್ಟೀಲ್ ಅಲ್ಲ ಇದು. ಸ್ಟೀಲಿನ ಅಂಗಿ ತೊಟ್ಟ ಕಬ್ಬಣ" ಎಂದು ಹೇಳಿ ಮುಂದೆ ನಡೆದುಬಿಡುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಸದಾ ಇರುತ್ತಿತ್ತು: "ನಂಬತೀನ್ರಿ. ಆದ್ರ ಮೊದ್ಲ ನೋಡತೀನಿ." ಚಹಾದ ಅಂಗಡಿಯವನು ಹಾಲು ಈಗಷ್ಟೇ ಕಾಯಿಸಿದ್ದು ಎಂದರೂ ಇದೇ ಮಾತು, ಡ್ರೈವರು ನಿನ್ನೆಯೇ ಆಯಿಲ್ ಹಾಕಿಸಿದೆ ಎಂದರೂ ಇದೇ ಮಾತು. ಊರಿನ ಬೋರಿನ ನೀರನ್ನಂತೂ ಅವರು ಯಾವ ಎಂಜಿನ್ನಿಗೂ ಹಾಕುತ್ತಿರಲಿಲ್ಲ. ಸವಳು ನೀರು ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆಂದು, ಗ್ಯಾರೇಜಿನ ತಗಡಿನ ಮೇಲೆ ಬಿದ್ದ ಮಳೆನೀರನ್ನು ಅರಿವೆಯಲ್ಲಿ ಸೋಸಿ ಕ್ಯಾನುಗಳಲ್ಲಿ ತುಂಬಿಡುತ್ತಿದ್ದರು. ಆ ಕ್ಯಾನುಗಳಿಗೂ ಬೀಗ ಇತ್ತು.

ಸಂಶಯದ ವಿಷಯದಲ್ಲಿ ನಾನೂ ಅವರಿಗೆ ಕಡಿಮೆ ಇರಲಿಲ್ಲ. ರೋಣದಲ್ಲಿ ನನ್ನದು ಅರಿವೆ ಅಂಗಡಿ. ಗಜೇಂದ್ರಗಡದ ನೇಕಾರರಿಂದ ಸೀರೆ ತಂದು ನನ್ನ ಅಂಗಡಿಯಲ್ಲಿ ಮಾರುವುದಲ್ಲದೆ ನರೇಗಲ್, ನರಗುಂದದ ಅಂಗಡಿಗಳಿಗೂ ಹಾಕುತ್ತಿದ್ದೆ. ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಹೊರಗೆ ಕೊಡುವ ಪ್ರತಿ ಸೀರೆಯ ಒಳಮಡಿಕೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಒಂದು ಗುರುತು ಹಾಕುತ್ತೇವೆ. ವಾಪಸು ತಂದವರು ನಮ್ಮ ಸೀರೆ ಇಟ್ಟುಕೊಂಡು ಬೇರೆಯದನ್ನು ತಂದುಕೊಟ್ಟರೆ ಗೊತ್ತಾಗಬೇಕಲ್ಲ! ನಮ್ಮ ಅಂಗಡಿಯ ಗುರುತು ಎರಡು ಅಡ್ಡಗೆರೆ, ಕೆಳಗೊಂದು ಚುಕ್ಕೆ. ಅದನ್ನು ನನಗೆ ಕಲಿಸಿದವರು ನನ್ನ ತಂದೆ. ಅವರು ಮನೆಯ ಕೊಡೆ, ಚೊಂಬು, ಮದುವೆಮನೆಗೆ ಹಾಕಿಕೊಂಡು ಹೋಗುವ ಚಪ್ಪಲಿಗೂ ಅದೇ ಗುರುತು ಹಾಕುತ್ತಿದ್ದರು. ನಾನೂ ಅವರ ಮಗನೇ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿತ್ತು. ಹುಬ್ಬಳ್ಳಿಯಲ್ಲಿ ಒಬ್ಬರಿಂದ ಹಳೆಯ ಡೀಸೆಲ್ ಕಾರು ಕೊಂಡಿದ್ದೆ. ಒಂದು ಮಧ್ಯಾಹ್ನ ನರೇಗಲ್ ದಾಟಿ ಗಜೇಂದ್ರಗಡದ ಕಡೆ ಹೊರಟಾಗ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಎರಿಹೊಲದ ನಡುವೆ ಗಾಡಿ ನಿಂತಿತು. ದಾರಿಯಲ್ಲಿ ಬಂದ ಬಸ್ಸಿನ ಡ್ರೈವರೊಬ್ಬರು ಹೇಳಿಕಳಿಸಿದ್ದರಿಂದ ದಾವಲಸಾಬರು ಮೊಪೆಡ್ಡಿನ ಹಿಂದೆ ನೀರಿನ ಕ್ಯಾನು ಕಟ್ಟಿಕೊಂಡು ಬಂದರು. ಬಂದವರು ಎಂಜಿನ್ ನೋಡಲೇ ಇಲ್ಲ. ಜೇಬಿನಿಂದ ಆಯಸ್ಕಾಂತ ತೆಗೆದು ಕಾರಿನ ಮೈಮೇಲೆಲ್ಲ ಹಚ್ಚುತ್ತ ಹೋದರು. ಎಡಗಡೆಯ ಹಿಂದಿನ ಬಾಗಿಲಿಗೆ ಅದು ಹಿಡಿಯಲಿಲ್ಲ, ಜಾರಿತು.

"ಇಲ್ಲಿ ತಗಡ ಇಲ್ರಿ ಸಾವಕಾರ್ರ, ಲಪ್ಪ ಮೆತ್ತಿ ಮ್ಯಾಲ ಬಣ್ಣ ಬಡದಾರ. ಈ ಗಾಡಿ ಒಮ್ಮಿ ಎಲ್ಲೋ ಬಡಸ್ಕೊಂಡೈತಿ. ಮಾರಿದವರು ನಿಮಗ ಹೇಳಿದ್ರೇನು?"

ಹೇಳಿರಲಿಲ್ಲ. ನನಗೆ ಹುಬ್ಬಳ್ಳಿಯವನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು, ಅದನ್ನು ಕಂಡುಹಿಡಿದ ಈ ಮನುಷ್ಯನ ಮೇಲೆ ಬಂತು. ಮೋಸ ಹೋದವನಿಗೆ ಹಾಗೆಯೇ ಆಗುತ್ತದೆ ಎಂದು ಕಾಣುತ್ತದೆ.

ಆಮೇಲೆ ಬಾನೆಟ್ ಎತ್ತಿದರು. ಎಂಜಿನ್ನಿನ ಬಿಸಿ ನೀರು ಹರಿಯುವ ಪ್ಲಾಸ್ಟಿಕ್ ಪೈಪೊಂದು ಸೀಳಿತ್ತು. ಅವರು ಎರಡು ಬೆರಳಲ್ಲಿ ಒತ್ತಿದರೆ ಅದು ಹಪ್ಪಳದಂತೆ ಪುಡಿಯಾಯಿತು. "ಕಾದು ಕಾದು ಇದರ ಜೀವ ಹೋಗೇತಿ. ಇನ್ನ ಎರಡು ಅದಾವು, ಇದರ ತಮ್ಮಗೋಳು. ಅವೂ ಇದ ಗುಣದವು. ಮೂರೂ ತಗದು ಲೋಹದ ಪೈಪ ಹಾಕೂಣ್ರಿ. ಹುಬ್ಬಳ್ಯಾಗ ಸಿಗತಾವು."

ಒಡೆದದ್ದು ಒಂದು, ಬದಲಿಸಬೇಕಾದದ್ದು ಮೂರು. ಈ ಲೆಕ್ಕ ನನಗೆ ಹಿಡಿಸಲಿಲ್ಲ. ಬಾಗಿಲಿನ ಲಪ್ಪ ತೋರಿಸಿ ಹೆದರಿಸಿದ್ದು ಇದಕ್ಕೇ ಎಂದುಕೊಂಡೆ. ತಾತ್ಕಾಲಿಕವಾಗಿ ರಬ್ಬರ್ ಕೊಳವೆ ಹಾಕಿಸಿಕೊಂಡು ಊರಿಗೆ ಬಂದು, ಬೇರೆ ಕಡೆ ವಿಚಾರಿಸಿ, ಒಡೆದ ಒಂದಕ್ಕೆ ಮಾತ್ರ ಮೊದಲಿನಂಥದೇ ಪ್ಲಾಸ್ಟಿಕ್ ಪೈಪು ಹಾಕಿಸಿದೆ.

ಎರಡನೆಯದು ಒಡೆದದ್ದು ಬೆಳವಣಕಿ ದಾಟಿ ಯಾವಗಲ್ ಹತ್ತಿರ ಬಂದಾಗ. ಡಿಕ್ಕಿಯಲ್ಲಿ ನರಗುಂದದ ಒಂದು ಮನೆಯ ಮದುವೆ ಜವಳಿ ಇತ್ತು. ಮದುಮಗಳ ಸೀರೆಯೂ ಅದರಲ್ಲೇ ಇತ್ತು. ಒಬ್ಬರ ಟ್ರ್ಯಾಕ್ಟರಿನಲ್ಲಿ ಗಂಟು ಹೇರಿಕೊಂಡು, ಅದರ ಮೇಲೆ ನಾನೇ ಕುಳಿತು, ಮೈಯೆಲ್ಲ ಎರಿಮಣ್ಣಾಗಿ ಮದುವೆಮನೆ ಮುಟ್ಟಿದೆ. ಆ ಮನೆಯ ಮುದುಕಿ ನನ್ನನ್ನು ಕೂಲಿಯವನೆಂದು ತಿಳಿದು, "ಸಾವಕಾರ ಎಲ್ಲದಾನ?" ಎಂದು ಕೇಳಿದಳು.

ಮುಂದಿನ ವಾರ ತೆಪ್ಪಗೆ ದಾವಲಸಾಬರ ಗ್ಯಾರೇಜಿಗೆ ಹೋದೆ. "ನಾ ಹೇಳಿದ್ದಿಲ್ಲೇನು?" ಎನ್ನುತ್ತಾರೆ ಎಂದು ಕಾಯುತ್ತಿದ್ದೆ. ಅನ್ನಲಿಲ್ಲ. ನಾನು ಬಂದೇ ಬರುತ್ತೇನೆಂದು ಮೂರು ಲೋಹದ ಪೈಪುಗಳನ್ನು ಮೊದಲೇ ತರಿಸಿ, ಹಳೆಯ ಧೋತರದ ಅರಿವೆಯಲ್ಲಿ ಸುತ್ತಿಟ್ಟಿದ್ದರು. ಒಂದೊಂದಕ್ಕೂ ಆಯಸ್ಕಾಂತ ಹಚ್ಚಿ ನನಗೆ ತೋರಿಸಿದರು. ಹಿಡಿಯಿತು.

"ಕಬ್ಬಣಾನ ಇದು. ಸುಳ್ಳು ಯಾಕ ಹೇಳಲಿ. ಮ್ಯಾಲ ನಿಕ್ಕಲ್ಲಿನ ಹೊಳಪು ಐತಿ. ಆ ಹೊಳಪು ಇರೂತನಕ ತುಕ್ಕ ಹತ್ತಂಗಿಲ್ಲ. ಅದಕ್ಕ ಅರಿವ್ಯಾಗ ಹಿಡದು ಹಾಕತೀನಿ, ಪಕ್ಕಡದ ಹಲ್ಲು ಹಚ್ಚಂಗಿಲ್ಲ."

ಅಂದು ಶುಕ್ರವಾರ. ನಮಾಜಿನ ಹೊತ್ತಾಯಿತು. ಕೈ ತೊಳೆದುಕೊಂಡು, ಟೊಪ್ಪಿಗೆ ಹಾಕಿಕೊಂಡು, "ನೋಡ್ಕೋತ ಕುಂದರ್ರಿ ಸಾವಕಾರ್ರ. ಯಾರೂ ಮುಟ್ಟಬಾರದು. ಲಗೂನ ಬರತೀನಿ" ಎಂದು ನನ್ನೊಬ್ಬನನ್ನೇ ಬಿಟ್ಟು ಹೋದರು. ನೀರಿನ ಕ್ಯಾನಿಗೂ ಬೀಗ ಹಾಕುವ ಮನುಷ್ಯ ಇಡೀ ಗ್ಯಾರೇಜನ್ನು ನನ್ನ ವಶಕ್ಕೆ ಕೊಟ್ಟಿದ್ದರು. ಆ ಹೊತ್ತಿನಲ್ಲಿ ಅದು ನನಗೆ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಬೇರೆ. ಈ ಪೈಪುಗಳು ಚಲೋ ಇವೆ, ಭಾರವಾಗಿವೆ. ಮುಂದೆ ಯಾವತ್ತೋ ಗಾಡಿ ರಿಪೇರಿಗೆ ಬಿಟ್ಟಾಗ ಇವನ್ನು ತೆಗೆದು ಅಗ್ಗದವನ್ನು ಹಾಕಿದರೆ ನನಗೆ ಹೇಗೆ ತಿಳಿಯಬೇಕು? ನನ್ನ ಚೀಲದಲ್ಲಿ ಗಂಟು ಹೊಲಿಯುವ ದಬ್ಬಣ ಇತ್ತು. ಮೂರರಲ್ಲಿ ದೊಡ್ಡದಾದ ಪೈಪನ್ನು ಎತ್ತಿಕೊಂಡು, ರಬ್ಬರ್ ಕೊಳವೆ ಕೂಡುವ ತುದಿಯಲ್ಲಿ, ರಬ್ಬರಿನಡಿ ಮುಚ್ಚಿಹೋಗುವ ಜಾಗ ನೋಡಿ, ಎರಡು ಅಡ್ಡಗೆರೆ ಗೀಚಿ ಚುಕ್ಕೆ ಕೊರೆದೆ. ಮತ್ತೆ ಧೋತರದಲ್ಲಿ ಸುತ್ತಿಟ್ಟೆ. ಅವರು ಬಂದು ಅದನ್ನೇ ಅರಿವೆಯಲ್ಲಿ ಮೆಲ್ಲಗೆ ಹಿಡಿದು ಕೂಡಿಸಿದರು. ಅಷ್ಟೊತ್ತಿಗೆ ಅವರ ಕಣ್ಣು ಮಂದವಾಗತೊಡಗಿತ್ತು. ಗುರುತು ಕಾಣಲಿಲ್ಲ.

ಎರಡು ವರ್ಷ ಆ ಕಾರು ಒಮ್ಮೆಯೂ ಕಾಯಲಿಲ್ಲ. ಬ್ಯಾಸಗಿಯಲ್ಲಿ ಗಜೇಂದ್ರಗಡದ ಗುಡ್ಡದ ಏರು ಹತ್ತಿದರೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿರುತ್ತಿತ್ತು. ರಿಪೇರಿ ಮಾಡಿಸುವಾಗ ಮಾತ್ರ ನಾನು ಅವರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ಸಾವಕಾರ್ರ, ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ" ಎನ್ನುತ್ತಿದ್ದರು. ಯಾಕೆ ನಿಂತಿದ್ದೇನೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದು ಸಲ ನರಗುಂದದಲ್ಲಿ ತಂಗಿಯ ಮನೆಯ ಕಾರ್ಯ ಬಂದು, ಅನಿವಾರ್ಯವಾಗಿ ಗಾಡಿಯನ್ನು ಎರಡು ದಿನ ಅವರಲ್ಲಿ ಬಿಟ್ಟು ಬಸ್ಸಿಗೆ ಹೋದೆ. ತಿರುಗಿ ಬಂದಾಗ ಅವರು ಹೇಳಿದರು: "ಒಂದು ಪೈಪಿನ ಬಾಯಾಗ ನೀರು ಜಿನಗತಿತ್ತು. ಸರಿ ಮಾಡೀನಿ. ಅದಕ್ಕೇನೂ ಕೊಡಬ್ಯಾಡ್ರಿ."

ದುಡ್ಡು ಬೇಡ ಎಂದ ಮೆಕ್ಯಾನಿಕ್ಕನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ರೋಣದವರೆಗೂ ಅದೇ ಮಾತು ತಲೆಯಲ್ಲಿ ಕೊರೆಯಿತು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನಾನೇ ಸ್ಕ್ರೂಡ್ರೈವರ್ ಹಿಡಿದು ಗುರುತು ಹಾಕಿದ್ದ ಪೈಪಿನ ಕ್ಲಿಪ್ ಸಡಿಲಿಸಿ ರಬ್ಬರ್ ಎಳೆದೆ. ಕೂಲಂಟ್ ಬೆರೆತ ಹಸಿರು ನೀರು ಅಂಗಳಕ್ಕೆ ಸುರಿಯಿತು. ಪೈಪಿನ ತುದಿ ನುಣ್ಣಗಿತ್ತು. ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ.

ನಿಜ ಹೇಳುತ್ತೇನೆ, ಮೊದಲು ಆದದ್ದು ಸಂತೋಷ. ನನ್ನ ಸಂಶಯ ಖರೇ ಆಯಿತಲ್ಲ ಎಂಬ ಸಂತೋಷ. ಆಮೇಲೆ ಸಿಟ್ಟು. ಅದೇ ಸಿಟ್ಟಿನಲ್ಲಿ ಗಜೇಂದ್ರಗಡಕ್ಕೆ ಹೋದೆ. ಗ್ಯಾರೇಜಿನ ಬಾಕಿನ ಮೇಲೆ ನಾಲ್ಕು ಮಂದಿ ಗಿರಾಕಿಗಳು ಚಹಾ ಕುಡಿಯುತ್ತ ಕುಳಿತಿದ್ದರು.

"ನನ್ನ ಪೈಪ ತಗದೀರಿ ನೀವು" ಎಂದೆ.

"ಹೌದ್ರಿ, ತಗದೀನಿ."

"ಎಲ್ಲೈತಿ ಅದು? ತೋರಸ್ರಿ."

ದಾವಲಸಾಬರು ಬಾಕಿನ ಕಡೆ ಒಮ್ಮೆ ನೋಡಿದರು. ನನ್ನ ಮುಖ ನೋಡಿದರು. ಕೈಯಲ್ಲಿದ್ದ ಅರಿವೆಗೆ ಬೆರಳು ಒರೆಸಿಕೊಂಡರು. "ಐತ್ರಿ. ಇವತ್ತ ಬ್ಯಾಡ" ಎಂದರು.

"ಇದ್ದರ ತಾನ ತೋರಸೂದು! ಕಳವು ಮಾಡಾಂವ ಆಯಸ್ಕಾಂತ ಹಿಡಕೊಂಡು ಊರ ಮಂದಿ ಖೊಟ್ಟಿತನ ಹುಡಕತಾನ" ಎಂದುಬಿಟ್ಟೆ.

ಅವರು ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ತಿರುಗಿದರು. ನಾನು ಅಷ್ಟಕ್ಕೇ ಬಿಡಲಿಲ್ಲ. ಸೀರೆ ಹಾಕಲು ಹೋದ ಅಂಗಡಿಗಳಲ್ಲೆಲ್ಲ ಈ ಕತೆ ಹೇಳಿದೆ. ಆ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ದಾವಲಸಾಬ ಎಂಬ ಹೆಸರೇ ಅದರ ಬೋರ್ಡು. ಆ ಹೆಸರಿಗೆ ನಾನು ಮಸಿ ಬಳಿಯುತ್ತ ತಿರುಗಿದೆ. ನರೇಗಲ್ಲಿನ ಕೆಲವರು ಗಾಡಿಗಳನ್ನು ಬೇರೆ ಕಡೆ ಬಿಡತೊಡಗಿದರೆಂದು ಕೇಳಿ ಸಮಾಧಾನವನ್ನೂ ಪಟ್ಟೆ.

ಒಂದೂವರೆ ವರ್ಷ ಕಳೆಯಿತು. ಒಂದು ಮಧ್ಯಾಹ್ನ ನಾನೊಬ್ಬನೇ ಅಂಗಡಿಯಲ್ಲಿದ್ದೆ. ಹೊರಗೆ ಯಾರೋ ಬಹಳ ಹೊತ್ತಿನಿಂದ ನಿಂತಂತೆ ಕಂಡಿತು. ಕೊನೆಯ ಗಿರಾಕಿ ಇಳಿದುಹೋದ ಮೇಲೆ ಒಳಗೆ ಬಂದರು. ದಾವಲಸಾಬರು. ದಪ್ಪ ಕನ್ನಡಕ ಬಂದಿತ್ತು. ಅಂಗಿ ಇನ್ನೂ ಎಡಕ್ಕೇ ವಾಲಿತ್ತು.

"ಗ್ಯಾರೇಜ ಮುಚ್ಚೀನ್ರಿ. ಕಣ್ಣ ಕೇಳಂಗಿಲ್ಲ. ಇಳಕಲ್ಲಿಗೆ ಮಗಳ ಮನಿಗೆ ಹೊಂಟೀನಿ. ನಿಮ್ಮ ಸಾಮಾನು ನನ್ನ ಹತ್ರ ಉಳೀಬಾರದು" ಎಂದು ಚೀಲದಿಂದ ಒಂದು ಗಂಟು ತೆಗೆದರು. ಅದೇ ಧೋತರದ ಅರಿವೆ. ಬಿಚ್ಚಿದರೆ ನನ್ನ ಪೈಪು. ತುದಿಯಲ್ಲಿ ನನ್ನ ಎರಡು ಗೆರೆಗಳು ತುಕ್ಕು ಹಿಡಿದು ಕೆಂಪಗೆ ಉಬ್ಬಿದ್ದವು. ಚುಕ್ಕೆಯಿದ್ದಲ್ಲಿ ಸೂಜಿ ಹೋಗುವಷ್ಟು ತೂತು ಬಿದ್ದಿತ್ತು. ಅದರ ಸುತ್ತಲಿನ ಹೊಳಪು ಮಾತ್ರ ಹೊಸದರಂತೆಯೇ ಇತ್ತು.

ಆ ಗೆರೆಗಳ ಮೇಲೆ ಬೆರಳಿಟ್ಟು ಕೇಳಿದೆ, "ಇದು ನನ್ನ ಗುರುತು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ನಿಮ್ಮ ಅಂಗಡ್ಯಾಗ ನನ್ನ ಹೆಣ್ತಿಗೆ ಸೀರಿ ಒಯ್ದಿದ್ದೆ. ಅದರ ಮೂಲ್ಯಾಗ ಇದ ಐತಿ."

"ಅವತ್ತ ಯಾಕ ತೋರಸಲಿಲ್ಲ?"

"ನಾಕ ಮಂದಿ ಕುಂತಿದ್ರು. ತೋರಿಸಿದ್ರ ನಿಮ್ಮ ಮರ್ಯಾದಿ ಹೋಗತಿತ್ತು. ನಿಮ್ಮದೂ ನನ್ನಂಗ ಹೆಸರಿನ ಮ್ಯಾಲ ನಡಿಯೂ ಅಂಗಡಿ. ನಿಮಗ ಸಿಟ್ಟಿಳದ ಮ್ಯಾಲ ಒಬ್ಬರ ಬರತೀರಿ, ಆಗ ತೋರಸಿದ್ರಾತು ಅಂತ ಇಟ್ಟಿದ್ದೆ." ಪೈಪನ್ನು ನನ್ನ ಕಡೆ ಸರಿಸಿ ಹೇಳಿದರು, "ನೀವು ಬರಲೇ ಇಲ್ಲ."

ನಾನು ಗಾದಿಯಿಂದ ಇಳಿದು ಅವರ ಎರಡೂ ಕೈ ಹಿಡಿದುಕೊಂಡೆ. ತಪ್ಪಾಯಿತು ಎಂದೆ. ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು. ಅವರು ಕೈ ಬಿಡಿಸಿಕೊಂಡು, ಅಂಗಡಿಯ ಮುಂದೆ ನಿಂತಿದ್ದ ನನ್ನ ಕಾರಿನ ಕಡೆ ನಡೆದರು. ಬಾನೆಟ್ ಎತ್ತಿಸಿ, ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು ತಣ್ಣಗಿದೆಯೇ ನೋಡಿದರು. ನಾನು ಗಾಡಿ ಬಿಟ್ಟುಹೋದಾಗ ನನಗೆ ಹೇಳದೆ ತಮ್ಮ ದುಡ್ಡಿನಲ್ಲೇ ಹಾಕಿದ್ದ ಪೈಪಿನ ಮೇಲೆ ಬೆರಳಾಡಿಸಿದರು.

"ಇದಕ್ಕೂ ಗೀಚೀರೇನು?"

"ಇಲ್ರಿ, ಖರೇ ಹೇಳತೀನಿ. ಇದನ್ನ ಮುಟ್ಟಿಲ್ಲ."

"ನಂಬತೀನ್ರಿ" ಎಂದರು. ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. "ಆದ್ರ ಮೊದ್ಲ ನೋಡತೀನಿ."

ಕ್ಲಿಪ್ ಸಡಿಲಿಸಿ, ರಬ್ಬರನ್ನು ಬೆರಳಷ್ಟು ಸರಿಸಿ, ಕನ್ನಡಕವನ್ನು ಹಣೆಗೇರಿಸಿ ಸುತ್ತಲೂ ನೋಡಿದರು. ನಾಲ್ಕು ಹನಿ ಹಸಿರು ನೀರು ಅವರ ಅಂಗೈ ಮೇಲೆ ಬಿತ್ತು. ಮತ್ತೆ ಬಿಗಿ ಮಾಡಿ, ಕೈ ಒರೆಸಿಕೊಂಡು, ಚಹಾ ಕುಡಿಯಿರಿ ಎಂದರೂ ನಿಲ್ಲದೆ ಬಸ್‌ಸ್ಟ್ಯಾಂಡಿನ ಕಡೆ ಹೋದರು. ನಾನು ಅವರನ್ನು ಮತ್ತೆ ನೋಡಲಿಲ್ಲ. ಮರುವರ್ಷ ಇಳಕಲ್ಲಿನಿಂದ ಬಂದ ಸೀರೆಯ ವ್ಯಾಪಾರಿಯೊಬ್ಬರು ಅವರು ತೀರಿಕೊಂಡ ಸುದ್ದಿ ಹೇಳಿದರು.

ಆ ಕಳವಿನ ಕತೆ ಹೇಳಿದ್ದ ಅಂಗಡಿಗಳಿಗೆಲ್ಲ ಮತ್ತೆ ಹೋಗಿ, ಪೈಪನ್ನು ತೋರಿಸಿ, ತಪ್ಪು ನನ್ನದೆಂದು ಹೇಳಿಬಂದಿದ್ದೇನೆ. ಕಳವಿನ ಕತೆಯನ್ನು ಬಾಯಿಬಿಟ್ಟು ಕೇಳಿದ್ದ ಜನ ಇದನ್ನು ಅರ್ಧಕ್ಕೇ ನಿಲ್ಲಿಸಿ ಸೀರೆಯ ದರ ಕೇಳಿದರು.

ಆಮೇಲೆ ಕಾರನ್ನು ಮಾರಲು ಹೊರಟೆ. ನೋಡಲು ಬಂದವರು ತಮ್ಮ ಜೊತೆ ಒಬ್ಬ ಮಿಸ್ತ್ರಿಯನ್ನು ಕರೆತಂದಿದ್ದರು. ಬಾಗಿಲಿನ ಲಪ್ಪದ ಬಗ್ಗೆ ಅವರು ಕೇಳುವ ಮೊದಲೇ ನಾನೇ ಹೇಳಿದೆ. ಆ ಮಿಸ್ತ್ರಿ ಬಾನೆಟ್ಟಿನೊಳಗೆ ತಲೆ ಹಾಕಿ, "ಕಂಪನಿ ಪೈಪ ತಗದು ಇದೇನೋ ಹಾಕ್ಯಾರ. ಒಳಗ ಕಬ್ಬಣೋ ಏನೋ, ನೋಡೂಣು" ಎನ್ನುತ್ತ ಜೇಬಿನಿಂದ ಮೊಳೆ ತೆಗೆದು ಪೈಪಿನ ಹೊಳಪಿಗೆ ಹಚ್ಚಿದ.

ನಾನು ಅವನ ಕೈಯನ್ನು ಹಿಡಿದುಕೊಂಡೆ.

"ಕಬ್ಬಣಾನ ಐತಿ" ಎಂದೆ. "ಗೀಚಬ್ಯಾಡ್ರಿ."